ಬುಡ

ನೌಬಾದ ದಾಟಿ ಕೆಂಪುಗಲ್ಲಿನ ಹಳೇ ಖಣಿಯೊಳಗ
ಕ್ಲಬ್ಬಿನ ಮಂದಿ ಗುರಿ ಹಿಡೀತಾರ, ಐತಾರಕ್ಕೊಮ್ಮೆ.
ನೂರು ಗಜದಾಚೆ ಹಲಗಿಗೆ ಕಾಗದ ಹಚ್ಚಿ
ತಿರುಗಿ ಬರೂದ್ರಾಗ ಸೀರಿ ಅಂಚೆಲ್ಲಾ ಕೆಂಪು.

ಆ ಐತಾರ ನನ್ನ ಕಾಗದ
ಯಾರೋ ಜ್ವಾಳ ತೂರಿಧಂಗಿತ್ತು.
ಮೂರು ಮ್ಯಾಲ, ಎರಡು ಎಡಕ್ಕ,
ಒಂದು ಎಲ್ಲಿ ಹೋತೋ ಖಣಿಗೇ ಗೊತ್ತು.
ಗಾಳಿಗೆ ಬೈದೆ. ಗಾಳಿ ಇರಲೇ ಇಲ್ಲ.
ಚಷ್ಮಾಕ್ಕ ಬೈದೆ, ಸೆರಗಿಲೆ ಒರಸಿದೆ, ಮತ್ತ ಬೈದೆ.
ಬಾಜೂಕಿದ್ದ ಹವಾಲ್ದಾರ ಮಾಣಿಕಪ್ಪ
“ತಂಗಿ, ಭುಜ ಸಡಲ ಬಿಟ್ಟೀ” ಅಂದ.
ಅವಗೂ ಒಳಗೊಳಗ ಬೈದೆ.

ಚೌಬಾರಾದ ಹಿಂದಿನ ಸಂದಿಯೊಳಗ
ಎರಡೂ ಕಡಿ ಬಿದರಿ ಮಂದಿಯ ಟಕ್ ಟಕ್,
ನಡುವ ಖೈರಾತಲಿ ಉಸ್ತಾದರ ಬಂದೂಕ ರಿಪೇರಿ.
ಗೋಡಿಗೆ ಫ್ರೇಮು ಹಾಕಿದ ಲೈಸನ್ಸು,
ಅದರ ಗಾಜಿಗೂ ಸೀಸದ ಹೊಗಿ.
ಹದಿಮೂರು ವರ್ಷ ಆತು ನಾ ಇಲ್ಲಿ ಕೂತು.
ಹೆಸರು ಗುಂಡಮ್ಮ. ಕೆಲಸ ಗುಂಡು ಎರಕ ಹೊಯ್ಯೂದು.
ಈ ಚ್ಯಾಷ್ಟಿ ಊರೆಲ್ಲಾ ಮಾಡಿ ಮುಗಿಸೇದ, ನೀವು ಬಿಡ್ರಿ.

ಉಸ್ತಾದರು ಕಾಗದ ಬಿಚ್ಚಲೇ ಇಲ್ಲ.
ಅದೇ ಎರಕದಾಗ ಉಳಿದ ಗುಂಡಿನ ಡಬ್ಬಿ ತರಿಸಿ
ಒಂದೊಂದೇ ಗಾಜಿನ ಮ್ಯಾಲ ಬುಡ ಊರಿ ನಿಲ್ಲಿಸಿದ್ರು.
“ಮಾರಿ ಎಲ್ಲಾರೂ ನೋಡ್ತಾರ ಬೇಟಿ.
ನಳಿಗಿಯ ಬಾಯಿ ಕಟ್ಟಕಡಿಗೆ ಬಿಡೂದು ಬುಡ.
ಹೊಂಟವನ ದಾರಿ ತಿದ್ದೂದು
ಹೊಸ್ತಿಲ ಬಿಡೋ ಹಿಮ್ಮಡ.”

ಸೀಸ ಮೆತ್ತಂದು. ಹಿಂದ ಬೆಂಕಿ ಬಿದ್ರ
ಅಂಚು ಕರಗಿ ನಳಿಗಿಗೆ ಬಳಕೋತದ.
ಅದಕ್ಕ ಬುಡಕ್ಕೊಂದು ತಾಮ್ರದ ಬಟ್ಟಲ,
ಬಟಾಣಿಯ ಅರ್ಧ ಹೋಳಿನಷ್ಟು,
ಕಾಲಿಗೆ ಹಾಕೋ ಟೊಪ್ಪಿಗಿ ಅನ್ರಿ.
ಅದು ಕೂದಲೆಳಿಯಷ್ಟು ವಾರಿ ಕೂತ್ರೂ ಸಾಕು,
ಬಿಸಿಗಾಳಿ ಒಂದೇ ಮಗ್ಗಲಿಂದ ಮೊದಲು ಪಾರಾಗಿ
ಗುಂಡಿನ ಟೊಂಕಕ್ಕ ಒದ್ದು ಹೋಗ್ತದ.
ಬುಡದ ಮುಳ್ಳು ಕೆರಿ, ಬೆರಳಿಲೆ ಸಮ ಕೂಡಿಸು,
ಆಮ್ಯಾಲ ಅಚ್ಚಿನಾಗ ಒತ್ತು.
ಒತ್ತಿದ ಮ್ಯಾಲ ತಿದ್ದಾಕ ಬರಂಗಿಲ್ಲ.

ಎದುರಂಗಡಿ ಪೋರ ಗೀರಿನಾಗ ಬೆಳ್ಳಿ ತಂತಿ ಕೂಡಿಸಿ
ಮ್ಯಾಲ ಉಗುರೆಳೀತಾನ.
ಉಗುರು ತಡದ್ರ ಮತ್ತ ಬಡೀತಾನ.
ಅವನ ಉಗುರಿಗೂ ನನ್ನ ಉಗುರಿಗೂ
ಒಂದೇ ಸಾಲಿ.

ನಲವತ್ತರಾಗ ಹನ್ನೊಂದು ಗಾಜಿನ ಮ್ಯಾಲ
ಕುಂಟ ಕುರ್ಚಿಯಂಗ ಅಲ್ಲಾಡಿದವು.
“ಯಾರು ಕೂಡಿಸಿದ್ದು ಇವು?”

ಬುಧವಾರ ನಾ ಡಿಸಿ ಆಫೀಸಿಗೆ ಹೋಗಿದ್ದೆ,
ಲೈಸನ್ಸಿನ ನವೀಕರಣಕ್ಕ.
ತಿರುಗಿ ಬಂದಾಗ ಡಬ್ಬಿ ತುಂಬಿತ್ತು.
ಅವತ್ತೂ, ಅದರ ಹಿಂದಿನ ಎಷ್ಟೋ ದಿನಾನೂ
ಉಸ್ತಾದರು ಚಾ ಎತ್ತಿದ್ರ
ಬಶಿ ಸಣ್ಣಗ ಗಂಟಿ ಬಾರಿಸ್ತಿತ್ತು.
ಬಿದರಿ ಮಂದಿಯ ಸಪ್ಪಳದಾಗ
ಕೇಳಿಸಲಾರದಂಗ ಇರಾಕ ನಾ ಕಲತಿದ್ದೆ.

“ನಾನೇ ಉಸ್ತಾದ. ಕರೆಂಟ ಹೋಗಿತ್ತು.”

ಒಂದನ್ನ ಬೆಳಕಿಗೆ ಹಿಡದ್ರು.
“ನೀ ಒಂದೇ ಸಲ ಒತ್ತಾಕಿ.
ಇದಕ್ಕ ಎರಡು ಗೀಟು ಅವ.
ಅರ್ಧ ಸುತ್ತು ತಿರುವಿ ಮತ್ತೊಮ್ಮಿ ಒತ್ತೂದು
ನಮ್ಮ ಅಬ್ಬಾನ ಚಾಳಿ.
ನಿನಗ ನಾ ಕಲಿಸಿಲ್ಲ.”

ನಾ ಕೆಳಗ ನೋಡಿದೆ. ನೆಲದ ಮ್ಯಾಲ
ಅರದ ಪುಡಿ, ಒಂದು ಮುರುಕ ಸ್ಪ್ರಿಂಗು.

ಅವರೇ ಹನ್ನೊಂದೂ ಎತ್ತಿ ಕುಲುಮಿಯ ಪಾತ್ರಿಗೆ ಹಾಕಿದ್ರು.
ಒಂದು ಹೊರಗ ಬಿತ್ತು, ಮತ್ತ ಹಾಕಿದ್ರು.
ಸೀಸ ನಾಚಿದಂಗ ಮೆಲ್ಲಕ ಕುಸೀತು.
ತಾಮ್ರ ಕರಗಲಿಲ್ಲ,
ಪುಟ್ಟ ಪುಟ್ಟ ಬಟ್ಟಲ ಬೆಳ್ಳನ ನೀರಿನ ಮ್ಯಾಲ
ಒಂದೊಂದೇ ತೇಲಿ ಬಂದವು.
ಸೌಟಿಲೆ ನಾ ತಗಿಯೂತನ
ತುಟಿಯೊಳಗ ಎಣಿಸಿದ್ರು.

ಸಂದಿಯ ತುದಿಗೆ ಚಾದ ಹುಡುಗ ಬಂದ.
“ಅರ್ಧ ಕಪ್,” ಅಂದ್ರು ಉಸ್ತಾದರು,
“ಬಶಿ ಬ್ಯಾಡ.”